ಐದು ಡಿಂಗ್, ಒಂದು ವರ್ಷ, ಅದೇ 665: ಒಂದು ಬಿ-ಸ್ಕೂಲ್ ಅಪ್ಲಿಕೇಶನ್ ಕೇಸ್

ಹೆಸ್ರು ಹಾಕಲ್ಲ, ಅವಳಿಗೆ ಇಷ್ಟ ಇಲ್ಲ. "ಕೇಸ್ ಪೂರ್ತಿ ಬರಿ ಅಕ್ಕಾ, ನಾನ್ಯಾರು ಅನ್ನೋದು ಮಾತ್ರ ಬೇಡ" ಅಂತ ಒಪ್ಪಿದ್ದಾಳೆ. ಶುರುವಾದಾಗ ವಯಸ್ಸು 27. ಎಂಜಿನಿಯರಿಂಗ್ ಓದಿ, ಮೆಷಿನ್ ತಯಾರಿಸೋ ಒಂದು ಕಂಪ್ನೀಲಿ ನಾಲ್ಕು ವರ್ಷದಿಂದ ಸಪ್ಲೈ ಚೈನ್ ಪ್ಲಾನಿಂಗ್ ಮಾಡ್ತಿದ್ಳು, ಅಂದ್ರೆ ಯಾವ ಬಿಡಿಭಾಗ ಎಷ್ಟು ಸ್ಟಾಕ್ ಇಡ್ಬೇಕು, ಎಲ್ಲಿ ಇಡ್ಬೇಕು ಅನ್ನೋ ಲೆಕ್ಕ. ಮೊದಲ್ನೇ ವರ್ಷ ಎಂಬಿಎಗೆ ಅಂತ ಐದು ಬಿಸಿನೆಸ್ ಸ್ಕೂಲಿಗೆ ಹಾಕಿದ್ಳು, ಐದೂ ಡಿಂಗ್, ಅಂದ್ರೆ ಸೀಟಿಲ್ಲ ಅಂತ ವಾಪಸ್. ಮುಂದಿನ ವರ್ಷ ನಾಲ್ಕಕ್ಕೆ ಹಾಕಿದ್ಳು, ಎರಡು ಅಡ್ಮಿಟ್, ಒಂದು ವೇಟ್‌ಲಿಸ್ಟ್, ಒಂದು ಡಿಂಗ್. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನ ಸ್ಕೋರ್ ಎರಡೂ ವರ್ಷ ಅದೇ 665, ಮತ್ತೆ ಪರೀಕ್ಷೆ ಬರೀಲೇ ಇಲ್ಲ. ಹಾಗಾದ್ರೆ ಬದ್ಲಾಗಿದ್ದೇನು?

ಮೊದ್ಲೇ ಹೇಳ್ಬಿಡ್ತೀನಿ, ಮೊದಲ್ನೇ ವರ್ಷದ ಎಡವಟ್ಟಲ್ಲಿ ನನ್ನ ಪಾಲೂ ಇದೆ. "ಏನಾದ್ರೂ ಆಗ್ಲಿ ರೌಂಡ್ ಒನ್ ಬಿಡ್ಬೇಡ, ಸೀಟೂ ಜಾಸ್ತಿ ಸ್ಕಾಲರ್‌ಶಿಪ್ಪೂ ಜಾಸ್ತಿ" ಅಂತ ಅವಳ ತಲೇಗೆ ತುಂಬಿದ್ದು ನಾನೇ. ಅದು ಸುಳ್ಳೇನಲ್ಲ, ಆದ್ರೆ ಅರ್ಧ ಮಾತು.

ರೌಂಡ್ ಅಂದ್ರೆ ಒಂದು ವರ್ಷದಲ್ಲಿ ಸ್ಕೂಲು ಅಪ್ಲಿಕೇಶನ್ ತಗೊಳೋ ಸರದಿ, ಅದರ ಲೆಕ್ಕ ಗೊತ್ತಿಲ್ದೋರಿಗೆ ಚುಟುಕಾಗಿ. ಅಮೆರಿಕದ ದೊಡ್ಡ ಸ್ಕೂಲುಗಳಲ್ಲಿ ರೌಂಡ್ ಒನ್ ಡೆಡ್‌ಲೈನ್ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಶುರುವಿನ ಒಳಗೆ, ಫಲಿತಾಂಶ ಡಿಸೆಂಬರ್ ಹೊತ್ತಿಗೆ. ರೌಂಡ್ ಟೂ ಜನವರಿ ಶುರು, ಫಲಿತಾಂಶ ಮಾರ್ಚ್ ಆಸುಪಾಸು. ರೌಂಡ್ ತ್ರೀ ಮಾರ್ಚ್ ಏಪ್ರಿಲ್‌ನಲ್ಲಿ, ಆ ಹೊತ್ತಿಗೆ ಕ್ಲಾಸ್ ಬಹುಪಾಲು ತುಂಬಿರತ್ತೆ, ಬೇರೆ ದೇಶದಿಂದ ಹೋಗೋರಿಗೆ ವೀಸಾಗೂ ಟೈಮ್ ಸಾಲಲ್ಲ, ಹಾಗಾಗಿ ಅದು ಬಹಳ ಜನಕ್ಕೆ ಹೆಸರಿಗಷ್ಟೇ. ಹಾರ್ವರ್ಡ್ ಅಂತೂ ಮಾಮೂಲಿ ಅಪ್ಲಿಕಂಟ್‌ಗಳಿಗೆ ಮೂರನೇ ರೌಂಡನ್ನೇ ತೆಗ್ದು ಎಷ್ಟೋ ವರ್ಷ ಆಯ್ತು. ಫ್ರಾನ್ಸ್‌ನ ಇನ್ಸಿಯಾಡ್ ಥರದ ಕಡೆ ವರ್ಷಕ್ಕೆ ಎರಡು ಬ್ಯಾಚ್, ಎರಡಕ್ಕೂ ಬೇರೆ ಬೇರೆ ರೌಂಡ್‌ಗಳು, ಅಲ್ಲಿ ಈ ಕ್ಯಾಲೆಂಡರ್ ನಡಿಯಲ್ಲ.

ಮೊದಲ್ನೇ ವರ್ಷ

ಜನವರಿಲಿ ಜಿಮ್ಯಾಟ್ ಓದೋಕೆ ಕೂತ್ಳು. ಏಪ್ರಿಲ್‌ನಲ್ಲಿ 605, ಮೇನಲ್ಲಿ 635, ಜೂನ್‌ನಲ್ಲಿ 645, ಜುಲೈ ಕೊನೇಲಿ 665. ಎರಡು ಪರೀಕ್ಷೆ ಮಧ್ಯೆ ಕನಿಷ್ಠ 16 ದಿನ ಬಿಡ್ಬೇಕು, ಹನ್ನೆರಡು ತಿಂಗಳಲ್ಲಿ ಐದು ಸಲಕ್ಕಿಂತ ಜಾಸ್ತಿ ಬರಿಯೋ ಹಾಗಿಲ್ಲ, ಅವಳು ನಾಲ್ಕು ಮುಗ್ಸಿದ್ಳು. ಇಲ್ಲೊಂದು ವಿಷ್ಯ. ಈಗಿನ ಜಿಮ್ಯಾಟ್, ಅಂದ್ರೆ 2023ರ ನವೆಂಬರ್‌ನಲ್ಲಿ ಫೋಕಸ್ ಎಡಿಷನ್ ಅಂತ ಬಂತಲ್ಲ ಅದು, ಕ್ವಾಂಟ್ ವರ್ಬಲ್ ಡೇಟಾ ಇನ್‌ಸೈಟ್ಸ್ ಅಂತ ಮೂರು ಸೆಕ್ಷನ್, ಒಂದೊಂದಕ್ಕೆ 45 ನಿಮಿಷ, ಸ್ಕೋರ್ 205ರಿಂದ 805ರವರೆಗೆ. ಹಳೇ ಪರೀಕ್ಷೆಯ 700 ಅಂದ್ರೆ ಹೊಸದ್ರಲ್ಲಿ ಹತ್ತಿರತ್ತಿರ 645. ಇದು ಗೊತ್ತಿಲ್ದೆ ಎಷ್ಟು ಜನ ಒದ್ದಾಡ್ತಾರೆ ಅಂದ್ರೆ, ಹಳೇ ಬ್ಯಾಚಿನ ಸೀನಿಯರ್ "ನಂದು 720" ಅಂತಾನೆ, ಇವ್ರು ತಮ್ಮ 645 ನೋಡ್ಕೊಂಡು ಅಳ್ತಾರೆ. ಈ ಹುಡುಗೀನೂ ಅದನ್ನೇ ಮಾಡಿದ್ಳು. ಜೂನ್‌ನಲ್ಲಿ 645 ಬಂದಾಗ್ಲೇ ಕೈಲಿ ಒಳ್ಳೇ ಸ್ಕೋರ್ ಇತ್ತು, ಮೂರೂ ಸೆಕ್ಷನ್ ಸಮತೂಕದಲ್ಲೇ ಇತ್ತು, ಆದ್ರೂ ಸಮಾಧಾನ ಇಲ್ಲ. ಇನ್ನೊಂದ್ ಸಲ ಅಂತ ಸುಮಾರು ಏಳು ವಾರ ಸುರಿದು 20 ಪಾಯಿಂಟ್ ಜಾಸ್ತಿ ತಗೊಂಡ್ಳು. ನನ್ನ ಪ್ರಕಾರ ಇಡೀ ಕೇಸಲ್ಲಿ ಅತಿ ದುಬಾರಿ ಬಿದ್ದಿದ್ದು ಆ 20 ಪಾಯಿಂಟು.

ಪರೀಕ್ಷೆ ಮುಗಿದ ಮೇಲೆ ಒಂದು ವಾರ ಸುಸ್ತಾಗಿ ಮಲ್ಗಿದ್ಳು, ತಪ್ಪೇನಿಲ್ಲ. ಆಮೇಲೆ ಆಗಸ್ಟ್‌ನಲ್ಲಿ ಕಣ್ಬಿಟ್ಟು ನೋಡಿದ್ರೆ ಮೊದಲ ಡೆಡ್‌ಲೈನ್‌ಗೆ ಐದು ವಾರಾನೂ ಇಲ್ಲ, ಐದು ಸ್ಕೂಲು, ಎಲ್ಲಾ ಸೇರಿ ಹನ್ನೆರಡು ಎಸ್ಸೇ, ರೆಸ್ಯೂಮೆ, ಶಿಫಾರಸು ಪತ್ರ ಬರೆಯೋ ಇಬ್ರು ರೆಕಮೆಂಡರ್, ಉದ್ದುದ್ದ ಆನ್‌ಲೈನ್ ಫಾರ್ಮ್‌ಗಳು, ಆಫೀಸ್ ಕೆಲ್ಸ ಬೇರೆ. ಸ್ಕೂಲ್ ಪಟ್ಟಿ ಹೇಗೆ ಮಾಡಿದ್ಳು ಅಂದ್ರೆ ರ್‍ಯಾಂಕಿಂಗ್ ತೆಗ್ದು ಮೇಲಿಂದ ಟಿಕ್ ಹಾಕ್ಕೊಂಡು ಬಂದ್ಳು. ಎಸ್ಸೇಗಳನ್ನ ರಾತ್ರಿ ಹನ್ನೊಂದರ ಮೇಲೆ ನಂಗೆ ಕಳಿಸೋಳು, ನಾನೂ ಕಣ್ಣುಜ್ಜಿಕೊಂಡು ವ್ಯಾಕರಣ ತಿದ್ದಿ ವಾಪಸ್ ಕಳಿಸ್ತಿದ್ದೆ, ಒಳಗೇನಿದೆ ಅಂತ ಕೇಳೋ ಪುರಸೊತ್ತು ಇಬ್ರಿಗೂ ಇರ್ಲಿಲ್ಲ.

ಡಿಸೆಂಬರ್ ಹೊತ್ತಿಗೆ ನಾಲ್ಕು ಕಡೆ ಇಂಟರ್‌ವ್ಯೂನೂ ಇಲ್ದೆ ಡಿಂಗ್. ಒಂದು ಕಡೆ ಇಂಟರ್‌ವ್ಯೂ ಆಗಿ ಡಿಂಗ್.

ಫೈಲ್ ಬಿಚ್ಚಿದಾಗ

ಕೊನೇ ಡಿಂಗ್ ಬಂದು ಹತ್ತು ದಿನ ಆದ್ಮೇಲೆ ಇಬ್ರೂ ಕೂತು ಐದೂ ಅಪ್ಲಿಕೇಶನ್ ಪ್ರಿಂಟ್ ತೆಗ್ದು ಓದಿದ್ವಿ. ಅದಕ್ಕಿಂತ ಮೊದ್ಲು ಬೇಡ ಅಂದಿದ್ದೆ, ಗಾಯ ಹಸಿ ಇರುವಾಗ ಏನ್ ಓದಿದ್ರೂ ಎಲ್ಲಾ ಕೆಟ್ಟದಾಗೇ ಕಾಣತ್ತೆ.

ಮೊದ್ಲು ಕಂಡಿದ್ದು "ನಾವು". ಎಸ್ಸೇ ತುಂಬ ನಾವು ಮಾಡಿದ್ವಿ, ನಮ್ಮ ಟೀಮ್ ಸಾಧಿಸ್ತು, ಹೊಸ ಸಾಫ್ಟ್‌ವೇರ್ ಜಾರಿಗೆ ತಂದ್ವಿ. ಇವಳು ಏನ್ ಮಾಡಿದ್ಳು ಅಂತ ಹುಡುಕಿದ್ರೆ ಸಿಗಲ್ಲ. ಗುರಿ ಕೇಳಿದ ಕಡೆ "ಕನ್ಸಲ್ಟಿಂಗ್‌ಗೆ ಹೋಗಿ ಆಮೇಲೆ ನಾಯಕತ್ವದ ಸ್ಥಾನಕ್ಕೆ" ಅಂತ ಬರ್ದಿದ್ಳು. ಯಾಕೆ ಕನ್ಸಲ್ಟಿಂಗ್ ಅಂತ ಎದುರಿಗೇ ಕೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಎಲ್ರೂ ಅದನ್ನೇ ಬರೀತಾರಲ್ಲ ಅಕ್ಕಾ" ಅಂದ್ಳು.

ಆದ್ರೆ ನಿಜವಾದ ಗಂಟು ಇದ್ದಿದ್ದು ರೆಕಮೆಂಡೇಶನ್‌ನಲ್ಲಿ, ಅದನ್ನ ಅವಳು ಆವತ್ತಿನವರೆಗೂ ನಂಗೆ ಹೇಳಿರ್ಲಿಲ್ಲ. ದೊಡ್ಡ ಹುದ್ದೆಯೋರು ಬರದ್ರೆ ತೂಕ ಜಾಸ್ತಿ ಅಂದ್ಕೊಂಡು ತನ್ನ ಮ್ಯಾನೇಜರ್‌ನ ಬಿಟ್ಟು ಅವರ ಮೇಲಿನ ವೈಸ್ ಪ್ರೆಸಿಡೆಂಟ್ ಹತ್ರ ಹೋಗಿದ್ಳು, ಅದೂ ಡೆಡ್‌ಲೈನ್‌ಗೆ ಹನ್ನೊಂದು ದಿನ ಇರುವಾಗ. ಆ ಮನುಷ್ಯ ಇವಳನ್ನ ಒಂದೆರಡು ಮೀಟಿಂಗಲ್ಲಿ ನೋಡಿದ್ದು ಅಷ್ಟೇ. "ನೀನೇ ಬರ್ಕೊಂಡು ಬಾರಮ್ಮ, ನಾನು ಅಪ್‌ಲೋಡ್ ಮಾಡ್ತೀನಿ" ಅಂದ್ರಂತೆ. ಇವಳು ಒಂದೇ ರಾತ್ರಿ ಕೂತು ತನ್ನ ಬಗ್ಗೆ ತಾನೇ ಬರ್ದು ಕೊಟ್ಟಿದ್ಳು.

ಇದು ಎಷ್ಟು ಮಾಮೂಲಿ ಅಂತ ನಂಗೊತ್ತು, ಹತ್ರಲ್ಲಿ ಐದು ಬಾಸ್‌ಗಳು ಹೀಗೇ ಹೇಳ್ತಾರೆ ಅಂದ್ರೂ ನಂಬ್ತೀನಿ. ಆದ್ರೆ ಸ್ಕೂಲುಗಳು ಇದನ್ನ ಬೇಡವೇ ಬೇಡ ಅಂತ ಸ್ಪಷ್ಟವಾಗಿ ಬರ್ದಿರ್ತಾವೆ, ಪತ್ರ ರೆಕಮೆಂಡರೇ ಬರೀಬೇಕು, ಅಪ್ಲಿಕಂಟ್ ಕೈ ಇರಬಾರದು ಅಂತ. ಅಡ್ಮಿಟ್ ಆದ್ಮೇಲೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡೋ ಸ್ಕೂಲುಗಳೂ ಇವೆ, ಆಗ ರೆಕಮೆಂಡರ್‌ಗೆ ಫೋನ್ ಹೋದ್ರೆ ಕಥೆ ಮುಗೀತು. ಅದು ನೀತಿ ಮಾತಾಯ್ತು. ಅದನ್ನ ಪಕ್ಕಕ್ಕಿಟ್ಟು ನೋಡಿದ್ರೂ ಪತ್ರ ಸಪ್ಪೆ. ಬಹಳ ಸ್ಕೂಲುಗಳು ಬಳಸೋ ಒಂದು ಕಾಮನ್ ಪತ್ರದ ನಮೂನೆ ಇದೆ, ಜಿಮ್ಯಾಟ್ ನಡ್ಸೋ ಸಂಸ್ಥೆ ಜೊತೆ ಸೇರಿ ಮಾಡಿರೋದು, ಅದ್ರಲ್ಲಿ ಮುಖ್ಯವಾಗಿ ಎರಡು ಪ್ರಶ್ನೆ: ಇದೇ ಥರದ ಕೆಲ್ಸದಲ್ಲಿರೋ ಬೇರೆಯವರ ಪಕ್ಕ ಇಟ್ಟು ನೋಡಿದ್ರೆ ಈ ವ್ಯಕ್ತಿ ಹೇಗೆ, ಮತ್ತೆ ನೀವು ಕೊಟ್ಟ ಮುಖ್ಯವಾದ ತಿದ್ದುಪಡಿಯ ಮಾತು ಯಾವ್ದು, ಅದಕ್ಕೆ ಅವರು ಹೇಗೆ ಸ್ಪಂದಿಸಿದ್ರು. ಎರಡನೇ ಪ್ರಶ್ನೆಗೆ ಇವಳು ತನ್ನ ಬಗ್ಗೆ ತಾನೇ ಬರ್ದಿದ್ದು ಏನ್ ಗೊತ್ತಾ? "ಕೆಲವೊಮ್ಮೆ ಅತಿಯಾಗಿ ಕಷ್ಟಪಟ್ಟು ಕೆಲಸ ಮಾಡುತ್ತಾರೆ." ನಾನು ನಕ್ಕೆ, ಅವಳೂ ನಕ್ಳು, ಆಮೇಲೆ ಅತ್ತಳು. ಎಸ್ಸೇಲಿ ಇದ್ದ ಎರಡು ವಾಕ್ಯ ಪತ್ರದಲ್ಲೂ ಹೆಚ್ಚು ಕಮ್ಮಿ ಹಾಗೇ ಇತ್ತು. ದಿನಾ ಇದೇ ಓದೋರಿಗೆ ಅದು ಕಾಣಲ್ವಾ?

ಕ್ಯಾಲೆಂಡರ್ ಹಾಕ್ಕೊಂಡು ನೋಡಿದ್ರೆ ಇನ್ನೊಂದು ತಮಾಷೆ. ಅವಳಿಗೆ ಜನವರಿ ಮಧ್ಯದಲ್ಲಿ ಪ್ರಮೋಷನ್ ಬರೋದಿತ್ತು, ಮೂರು ಜನ ಅವಳ ಕೈ ಕೆಳಗೆ ಬರೋರಿದ್ರು, ಇದು ಆಗಸ್ಟ್‌ನಲ್ಲೇ ಅವಳಿಗೆ ಗೊತ್ತಿತ್ತು. ಯಾರನ್ನೂ ನಡೆಸಿ ಗೊತ್ತಿಲ್ಲ ಅನ್ನೋದೇ ಅವಳ ಪ್ರೊಫೈಲ್‌ನ ದೊಡ್ಡ ತೂತು, ಆ ತೂತು ಮುಚ್ಚೋಕೆ ನಾಲ್ಕು ತಿಂಗ್ಳು ಇರುವಾಗ ನಾವು ಅಪ್ಲಿಕೇಶನ್ ಬಿಸಾಕಿದ್ವಿ, ಯಾಕಂದ್ರೆ ರೌಂಡ್ ಒನ್ ಒಳ್ಳೇದು ಅಂತ ಅಕ್ಕ ಹೇಳಿದ್ಳು.

ಈಗ್ಲೇ ಹಾಕೋದಾ, ಕಾಯೋದಾ

ರೌಂಡ್ ಟೂಗೆ ಇನ್ನೂ ಮೂರು ವಾರ ಇತ್ತು. ಅದೇ ಐದಕ್ಕೆ ಮತ್ತೆ ಹಾಕೋ ಹಾಗಿಲ್ಲ, ಸಾಮಾನ್ಯವಾಗಿ ಒಂದು ಸೀಸನ್‌ಗೆ ಒಂದೇ ಅಪ್ಲಿಕೇಶನ್. ಹೊಸ ಎರಡು ಸ್ಕೂಲಿಗೆ ಹಾಕು, ಹೋದ್ರೆ ಫೀಸ್ ಹೋಗತ್ತೆ ಅಷ್ಟೇ ಅಂತ ನನ್ನ ವಾದ. ಜನವರಿಲಿ ಶುರುವಾಗೋ ಕೋರ್ಸ್‌ಗಳನ್ನೂ ತೋರ್ಸ್ದೆ. ಅದ್ರಲ್ಲೂ ಹುಷಾರಾಗಿ ನೋಡ್ಬೇಕು, ಯಾಕಂದ್ರೆ ನ್ಯೂಯಾರ್ಕ್‌ನ ಕೊಲಂಬಿಯಾ ಸ್ಕೂಲಿನ ಜನವರಿ ಬ್ಯಾಚಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಇಲ್ಲ, ಬೇಸಿಗೇಲೂ ಪಾಠ ನಡ್ಯತ್ತೆ, ಆದ್ರೆ ಇನ್ಸಿಯಾಡ್‌ನ ಜನವರಿ ಬ್ಯಾಚಿಗೆ ಮಧ್ಯ ಬಿಡುವು ಸಿಗತ್ತೆ, ಇಂಟರ್ನ್‌ಶಿಪ್ ಮಾಡ್ಬೋದು. ಹೆಸ್ರು ಒಂದೇ ಜನವರಿ, ಒಳಗಿನ ಲೆಕ್ಕ ಉಲ್ಟಾ. ಕೆಲ್ಸದ ದಾರಿ ಬದಲಾಯಿಸೋರಿಗೆ ಇಂಟರ್ನ್‌ಶಿಪ್ ಇಲ್ದಿದ್ರೆ ಕಷ್ಟ.

ಅವಳು ಒಪ್ಲಿಲ್ಲ. "ಅಕ್ಕಾ, ಮೂರು ವಾರದಲ್ಲಿ ಮತ್ತೆ ಅದೇ ಥರ ಬರೀತೀನಿ, ನಂಗೊತ್ತು. ಮತ್ತೆ ಮ್ಯಾನೇಜರ್ ಡಿಸೆಂಬರ್ ಕೊನೇಲಿ ರಜೆ, ಅವ್ರನ್ನ ಹೇಗೆ ಕೇಳ್ಲಿ?" ಅಂದ್ಳು. ಆ ಕೊನೇ ಮಾತಿಗೆ ನನ್ಹತ್ರ ಉತ್ರ ಇರ್ಲಿಲ್ಲ. ರೌಂಡ್ ಟೂ ಹಾಕೋರೆಲ್ಲ ಇದನ್ನ ಮರೀತಾರೆ, ಡೆಡ್‌ಲೈನ್ ಜನವರಿ ಶುರು ಅಂದ್ರೆ ಪತ್ರ ಬರೆಯೋರು ರಜೇಲಿರೋ ಎರಡು ವಾರ ಅದರ ಹಿಂದೇನೇ ಇರತ್ತೆ.

ಹಾಗಾಗಿ ಒಂದು ವರ್ಷ ಕಾದ್ಳು. ವಯಸ್ಸು 28 ಆಗತ್ತಲ್ಲ ಅನ್ನೋ ಹೆದರಿಕೆ ಇತ್ತು, ಅದು ಸುಮ್ನೆ. ಈ ಎರಡು ವರ್ಷದ ಕೋರ್ಸ್‌ಗಳಲ್ಲಿ ಸರಾಸರಿ ಅನುಭವವೇ ಐದು ವರ್ಷದ ಹತ್ರ, ಅವಳು ಆಗ ಸರಿಯಾಗಿ ನಡುಮಧ್ಯಕ್ಕೆ ಬರ್ತಿದ್ಳು. ಸ್ಕೋರ್ ಐದು ವರ್ಷ ಚಲಾವಣೆ, ಅದ್ರ ಚಿಂತೆ ಇಲ್ಲ. ಟೋಫೆಲ್ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗಳದ್ದು ಮಾತ್ರ ಎರಡೇ ವರ್ಷ, ಅದನ್ನ ಬರ್ದಿಟ್ಕೊಂಡು ಕಾಯೋರು ತಾರೀಖು ನೋಡ್ಕೋಬೇಕು.

ಎರಡನೇ ವರ್ಷ

ಈ ಸಲ ಕೆಲ್ಸ ಉಲ್ಟಾ ಹಿಡಿದ್ವಿ. ತನ್ನ ಕೈಲಿ ಇಲ್ದೇ ಇರೋದನ್ನ ಮೊದ್ಲು ಮುಟ್ಟೋದು, ತನ್ನ ಕೈಲಿರೋದು ಆಮೇಲೆ. ಜಿಮ್ಯಾಟ್ ಪೂರ್ತಿ ನಮ್ಮ ಕೈಲಿರೋದು, ರಾತ್ರಿ ಕೂತ್ರೆ ಓದ್ಬೋದು, ಅದಕ್ಕೇ ಎಲ್ರೂ ಅದನ್ನೇ ಹಿಡ್ಕೊಂಡು ಕೂರ್ತಾರೆ ಅನ್ಸತ್ತೆ. ಬೇರೆಯವರ ಟೈಮು ಹಾಗಲ್ಲ.

ಫೆಬ್ರವರೀಲೇ ತನ್ನ ನೇರ ಮ್ಯಾನೇಜರ್ ಹತ್ರ ಹೋದ್ಳು. ಅವರು ಕೇಳಿದ ಮೊದಲ ಮಾತು "ಹೋದ್ ವರ್ಷ ನನ್ನ ಯಾಕೆ ಕೇಳ್ಲಿಲ್ಲ?" ಅವರಿಗೆ ವಿಷ್ಯ ಗೊತ್ತಿತ್ತು, ಬೇಜಾರೂ ಆಗಿತ್ತು. ಅದು ಸರಿ ಹೋಗೋಕೆ ಎರಡು ಭೇಟಿ ಬೇಕಾಯ್ತು. ಆಮೇಲೆ ಅವರೇ "ಬರೀತೀನಿ, ಆದ್ರೆ ಸೆಪ್ಟೆಂಬರ್ ಕೊನೇ ವಾರ ನನ್ನ ಹತ್ರ ಬರ್ಬೇಡ, ಕ್ವಾರ್ಟರ್ ಮುಗಿಯೋ ಟೈಮು" ಅಂದ್ರು. ಆ ಒಂದು ಮಾತಿನಿಂದ ಇಡೀ ಕ್ಯಾಲೆಂಡರ್ ನಿಂತ್ಕೊಳ್ತು: ಪತ್ರಗಳೆಲ್ಲ ಆಗಸ್ಟ್ 31ರ ಒಳಗೆ. ಇನ್ನೊಂದು ತಾಂತ್ರಿಕ ವಿಷ್ಯ, ಅಪ್ಲಿಕೇಶನ್ ಪೋರ್ಟಲ್‌ನಲ್ಲಿ ನಾವು ರೆಕಮೆಂಡರ್ ಹೆಸ್ರು ಇಮೇಲ್ ಹಾಕಿದ್ಮೇಲೇ ಅವರಿಗೆ ಲಿಂಕ್ ಹೋಗೋದು, ಹಾಗಾಗಿ ಪೋರ್ಟಲ್ ತೆರೆದ ವಾರಾನೇ ಅಕೌಂಟ್ ಮಾಡಿ ಅದೊಂದು ಪುಟ ತುಂಬಿಸ್ಬಿಡ್ಬೇಕು, ಮಿಕ್ಕಿದ್ದು ಖಾಲಿ ಇದ್ರೂ ಪರವಾಗಿಲ್ಲ.

ಪತ್ರ ಬರ್ಕೊಡ್ಲಿಲ್ಲ. ಒಂದು ಪುಟದ ನೆನಪಿನ ಪಟ್ಟಿ ಕೊಟ್ಳು, ಯಾವ ಕೆಲ್ಸ ಯಾವಾಗ ಮಾಡಿದ್ದು, ಏನಾಯ್ತು, ಅವರು ಆಗ ಏನಂದ್ರು, ಅಷ್ಟೇ, ಹೊಗಳಿಕೆ ಒಂದು ಪದಾನೂ ಇಲ್ಲ. ಆ ಪಟ್ಟಿ ಮೇಲೆ ಮಾತಾಡ್ತಾ ಮ್ಯಾನೇಜರ್ರೇ ಒಂದು ವಿಷ್ಯ ಎತ್ತಿದ್ರು, ಇವಳು ಬೇಕಂತಲೇ ಬಿಟ್ಟಿದ್ದು. ಎರಡು ವರ್ಷದ ಹಿಂದೆ ಒಂದು ಸಣ್ಣ ಭಾಗದ ಸೇಫ್ಟಿ ಸ್ಟಾಕ್, ಅಂದ್ರೆ ಕಷ್ಟಕಾಲಕ್ಕೆ ಅಂತ ಇಡೋ ಹೆಚ್ಚುವರಿ ದಾಸ್ತಾನು, ಜಾಸ್ತಿ ಇದೆ ಅಂತ ಲೆಕ್ಕ ಹಾಕಿ ಇವಳೇ ಅರ್ಧಕ್ಕೆ ಇಳ್ಸಿದ್ಳು, ಸಪ್ಲೈಯರ್ ಒಂದ್ಸಲ ತಡ ಮಾಡಿದ, ಒಂದೂವರೆ ದಿನ ಲೈನ್ ನಿಂತ್ಹೋಯ್ತು. ಲೆಕ್ಕ ತಪ್ಪಿರ್ಲಿಲ್ಲ, ಆದ್ರೆ ಆ ಭಾಗ ಒಂದೇ ಕಡೆಯಿಂದ ಬರತ್ತೆ ಅಂತ ಸ್ಟೋರ್ಸ್‌ನೋರಿಗೆ ಗೊತ್ತಿತ್ತು, ಇವಳು ಅವರನ್ನ ಕೇಳಿರ್ಲಿಲ್ಲ. "ಶೀಟ್ ನೋಡಿದ್ದು ಸಾಕು, ಹೋಗಿ ಕೇಳು" ಅಂತ ಆವತ್ತು ಮ್ಯಾನೇಜರ್ ಬೈದಿದ್ರು. ಆಮೇಲೆ ಇವಳು ತಿಂಗಳಿಗೊಂದ್ಸಲ ಸ್ಟೋರ್ಸ್‌ನೋರ ಜೊತೆ ಕೂತು ಪಟ್ಟಿ ನೋಡೋ ಪದ್ಧತಿ ಶುರು ಮಾಡಿದ್ಳು, ಅದು ಈಗ ಬೇರೆ ಫ್ಯಾಕ್ಟರಿಗಳಿಗೂ ಹೋಗಿದೆ.

ಇದನ್ನ ಹೋದ್ ವರ್ಷ ಯಾಕೆ ಬರೀಲಿಲ್ಲ ಅಂದ್ರೆ "ಅದು ಫೇಲ್ಯೂರ್ ಅಲ್ವಾ ಅಕ್ಕಾ" ಅಂತಾಳೆ! ನಾಲ್ಕು ವರ್ಷದಲ್ಲಿ ಅವಳದ್ದೇ ಅಂತ ಇದ್ದ ಒಂದೇ ಕಥೆ ಅದು. ಮ್ಯಾನೇಜರ್ ತಿದ್ದುಪಡಿ ಪ್ರಶ್ನೆಗೆ ಅದನ್ನೇ ಬರದ್ರು, ಇವಳು ಎಸ್ಸೇಲಿ ಅದನ್ನೇ ಬರದ್ಳು, ಆದ್ರೆ ಇಬ್ರೂ ಒಬ್ರದ್ದನ್ನ ಒಬ್ರು ಓದಿಲ್ಲ. ಒಂದೇ ಘಟನೆ, ಎರಡು ಕಡೆಯಿಂದ, ಎರಡು ದನಿ.

ಎಸ್ಸೇ ವಿಷ್ಯದಲ್ಲಿ ಒಂದು ತೊಡಕಿದೆ, ಆ ವರ್ಷದ ಪ್ರಶ್ನೆಗಳು ಬೇಸಿಗೇಲೇ ಹೊರಗೆ ಬರೋದು, ಮತ್ತೆ ಬದಲಾಗ್ತಾನೂ ಇರ್ತಾವೆ. ಹಾರ್ವರ್ಡ್ ವರ್ಷಗಟ್ಟಲೆ ಒಂದೇ ದೊಡ್ಡ ಎಸ್ಸೇ ಕೇಳ್ತಿತ್ತು, 2024ರಲ್ಲಿ ಅದನ್ನ ಬಿಟ್ಟು ಮೂರು ಚಿಕ್ಕದು ಮಾಡ್ತು. ಎಂಐಟಿಯ ಬಿಸಿನೆಸ್ ಸ್ಕೂಲು ಸ್ಲೋನ್ ಎಸ್ಸೇ ಬದ್ಲು ಕವರ್ ಲೆಟರ್ ಕೇಳತ್ತೆ, ಒಂದು ಚಿಕ್ಕ ವಿಡಿಯೋ ಬೇರೆ. ಹಾಗಾಗಿ ಫೆಬ್ರವರೀಲಿ ಎಸ್ಸೇ ಬರೀತೀನಿ ಅಂತ ಕೂರೋದು ದಂಡ. ಅವಳು ಬರೀ ಕಚ್ಚಾ ಮಾಲು ಕೂಡಿಟ್ಳು, ಒಂದು ನೋಟ್‌ಬುಕ್, ವಾರಕ್ಕೊಂದು ಘಟನೆ, ಅರ್ಧ ಪುಟ, ಚಂದ ಮಾಡೋ ಹಾಗಿಲ್ಲ ಅಂತ ಷರತ್ತು. ಜೂನ್ ಹೊತ್ತಿಗೆ ಹದಿನೇಳು ಆಗಿತ್ತು, ಅದ್ರಲ್ಲಿ ನಾಲ್ಕು ಬಳಕೆಗೆ ಬಂತು.

ಸ್ಕೂಲ್ ಪಟ್ಟಿಗೆ ಈ ಸಲ ರ್‍ಯಾಂಕಿಂಗ್ ಮುಚ್ಚಿಟ್ಟು ಎಂಪ್ಲಾಯ್ಮೆಂಟ್ ರಿಪೋರ್ಟ್ ತೆಗೆದ್ವಿ. ದೊಡ್ಡ ಸ್ಕೂಲುಗಳು ಅದನ್ನ ವರ್ಷವರ್ಷ ಹಾಕ್ತಾವೆ, ಎಷ್ಟು ಜನ ಯಾವ ಥರದ ಕೆಲ್ಸಕ್ಕೆ ಹೋದ್ರು ಅಂತ. ಕನ್ಸಲ್ಟಿಂಗ್ ನಾಟಕ ಬಿಟ್ಮೇಲೆ ಅವಳಿಗೆ ಬೇಕಿದ್ದು ಆಪರೇಷನ್ಸ್‌ನಲ್ಲೇ ದೊಡ್ಡ ಜವಾಬ್ದಾರಿ, ಹಳೇ ಐದರಲ್ಲಿ ಮೂರು ಕಡೆ ಆ ಸಾಲು ನೋಡಿದ್ರೆ ಬೆರಳೆಣಿಕೆ. ಆ ಮೂರು ಹೋಯ್ತು, ಹೊಸ ಎರಡು ಬಂತು. ಎಂಐಟಿಲಿ ಲೀಡರ್ಸ್ ಫಾರ್ ಗ್ಲೋಬಲ್ ಆಪರೇಷನ್ಸ್ ಅಂತ ಎಂಬಿಎ ಜೊತೆ ಎಂಜಿನಿಯರಿಂಗ್ ಮಾಸ್ಟರ್ಸೂ ಕೊಡೋ ಕೋರ್ಸ್ ಇದೆ, 1988ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ ನಡೀತಾ ಬಂದಿರೋದು, ಇವಳ ಕೆಲ್ಸಕ್ಕೆ ಅಂತಲೇ ಮಾಡಿದಂಗಿದೆ, ಮೊದಲ್ನೇ ವರ್ಷ ಅದರ ಹೆಸರೇ ಕೇಳಿರ್ಲಿಲ್ಲ ಇವಳು. ಕೊನೇಗೆ ಇನ್ನೊಂದು ಟೆಕ್ನಿಕಲ್ ಡಿಗ್ರಿ ಬೇಡ ಅಂತ ಅದನ್ನ ಬಿಟ್ಳು, ಆದ್ರೆ ನೋಡಿ ಬಿಡೋದು ಬೇರೆ.

ಎರಡನ್ನ ರೌಂಡ್ ಒನ್ನಲ್ಲಿ, ಎರಡನ್ನ ರೌಂಡ್ ಟೂನಲ್ಲಿ ಹಾಕಿದ್ಳು. ನಾಲ್ಕರಲ್ಲಿ ಎರಡು ಹಳೇ ಸ್ಕೂಲೇ. ಮತ್ತೆ ಹಾಕೋರಿಗೆ ಬಹಳ ಕಡೆ ಒಂದು ಚಿಕ್ಕ ಎಸ್ಸೇ ಕೇಳ್ತಾರೆ, ಹೋದ ಸಲದಿಂದ ಏನ್ ಬದಲಾಗಿದೆ ಅಂತ, ಅಲ್ಲಿ ಪ್ರಮೋಷನ್ನು, ಮೂರು ಜನರ ಟೀಮು, ಗುರಿ ಯಾಕೆ ಬದಲಾಯ್ತು ಅನ್ನೋದನ್ನ ನೇರವಾಗಿ ಬರದ್ಳು, ಕ್ಷಮೆ ಕೇಳೋ ಧಾಟಿ ಬೇಡ ಅಂತ ಎರಡು ಸಲ ತಿದ್ದಿಸ್ದೆ.

ಫಲಿತಾಂಶ, ಮತ್ತೆ ಒಂದು ಕಸಿವಿಸಿ

ಡಿಸೆಂಬರ್‌ನಲ್ಲಿ ಒಂದು ಅಡ್ಮಿಟ್, ಒಂದು ವೇಟ್‌ಲಿಸ್ಟ್. ವೇಟ್‌ಲಿಸ್ಟ್ ಹಾಕಿದ್ದು ಹಳೇ ಸ್ಕೂಲೇ. ಇಲ್ಲಿ ನಾವಿಬ್ರೂ ಯೋಚಿಸದೇ ಇದ್ದ ಒಂದು ವಿಷ್ಯ ಬಂತು, ಡೆಪಾಸಿಟ್. ರೌಂಡ್ ಒನ್ ಅಡ್ಮಿಟ್ ಕೊಟ್ಟ ಸ್ಕೂಲು ಫೆಬ್ರವರಿ ಒಳಗೆ ಡೆಪಾಸಿಟ್ ಕಟ್ಟು ಅಂತು, ರೌಂಡ್ ಟೂ ಫಲಿತಾಂಶ ಬರೋದು ಮಾರ್ಚ್ ಕೊನೇಗೆ. ಕಟ್ಟಿದ್ರೆ ವಾಪಸ್ ಬರಲ್ಲ, ಕಟ್ದೇ ಇದ್ರೆ ಕೈಲಿರೋ ಸೀಟ್ ಹೋಗತ್ತೆ. ಕಟ್ಟಿದ್ಳು. ಮಾರ್ಚ್‌ನಲ್ಲಿ ರೌಂಡ್ ಟೂನ ಒಂದು ಸ್ಕೂಲು ಡಿಂಗ್ ಮಾಡ್ತು, ಇನ್ನೊಂದು ಅಡ್ಮಿಟ್ ಜೊತೆ ಅರ್ಧ ಫೀಸ್ ಸ್ಕಾಲರ್‌ಶಿಪ್ ಕೊಡ್ತು. ಡೆಪಾಸಿಟ್ ಬಿಟ್ಟು ಅಲ್ಲಿಗೇ ಹೋದ್ಳು. ಸ್ಕಾಲರ್‌ಶಿಪ್ ಬೇಕಿದ್ರೆ ರೌಂಡ್ ಒನ್ನೇ ಅಂತ ಹೇಳ್ಕೊಂಡು ಓಡಾಡ್ತಿದ್ದೋಳು ನಾನು, ಅದು ಬಂದಿದ್ದು ರೌಂಡ್ ಟೂನಲ್ಲಿ! ಎರಡೂ ರೌಂಡಲ್ಲಿ ಹರವಿ ಹಾಕೋರು ಆ ಡೆಪಾಸಿಟ್ ತಾರೀಖನ್ನ ಅಪ್ಲೈ ಮಾಡೋಕೆ ಮೊದ್ಲೇ ಪಕ್ಕ ಪಕ್ಕ ಬರ್ದಿಟ್ಕೊಳ್ಳಿ.

ವೇಟ್‌ಲಿಸ್ಟ್ ಸ್ಕೂಲಿಗೆ ಒಂದೇ ಒಂದು ಅಪ್‌ಡೇಟ್ ಕಳ್ಸಿದ್ಳು, ಟೀಮಿನ ಮೊದಲ ವರ್ಷದ ಕೆಲ್ಸದ ಬಗ್ಗೆ. ಮೇವರೆಗೂ ಸುದ್ದಿ ಇಲ್ಲ, ತಾನೇ ಹೆಸ್ರು ವಾಪಸ್ ತಗೊಂಡ್ಳು.

ಒಂದು ವಿಷ್ಯದಲ್ಲಿ ನಮ್ಮಲ್ಲಿ ಇನ್ನೂ ಒಮ್ಮತ ಇಲ್ಲ. ಎರಡನೇ ವರ್ಷ ಕೆಲ್ಸ ಮಾಡಿದ್ದು ಏನು ಅಂತ ಕೇಳಿದ್ರೆ ಅವಳು ಪ್ರಮೋಷನ್ ಅಂತಾಳೆ. ನಾನು ಸ್ಟೋರ್ಸ್ ಕಥೆ ಅಂತೀನಿ. ಅವಳ ಮ್ಯಾನೇಜರ್‌ನ ಒಂದ್ಸಲ ಫೋನಲ್ಲಿ ಕೇಳ್ದೆ. "ಅದರಲ್ಲೇನಿದೆ ಮೇಡಂ, ನನ್ನ ಲೆಟರ್" ಅಂದ್ರು, ಅದೂ ಒಂದು ಕ್ಷಣ ಯೋಚಿಸದೇನೇ.